ಹಾರ್ಪ್ಸಿಕಾರ್ಡ್ ಇಲ್ಲಿ ಪಕ್ಕವಾದ್ಯವಲ್ಲ

ಪ್ರಶ್ನೆ: ನಾನು ಹಲವು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತವನು. ಈಚೆಗೆ ಜರ್ಮನಿಯ ಬಾಖ್‌ನ ವಿಯೋಲಾ ದ ಗಾಂಬಾ (ಕಾಲುಗಳ ನಡುವೆ ಹಿಡಿದು ಕಮಾನಿನಲ್ಲಿ ನುಡಿಸುವ ಹಳೆಯ ವಾದ್ಯ) ಸೊನಾಟಾಗಳನ್ನು, ಅಂದರೆ ಹಲವು ಭಾಗಗಳ ವಾದ್ಯಕೃತಿಗಳನ್ನು, ಚೆಲ್ಲೋ ಮತ್ತು ಪಿಯಾನೋದಲ್ಲಿ ಕೇಳಿ ಮನಸೋತೆ. ಮೂಲ ವಾದ್ಯಗಳಲ್ಲೇ ಕೇಳೋಣವೆಂದು ಗಾಂಬಾ–ಹಾರ್ಪ್ಸಿಕಾರ್ಡ್ (ಮನೆ ಒತ್ತಿದರೆ ತಂತಿ ಮೀಟುವ, ಪಿಯಾನೋದಂಥ ವಾದ್ಯ) ಧ್ವನಿಮುದ್ರಣ ಹಾಕಿದರೆ ನಿರಾಸೆಯಾಯಿತು. ಎಲ್ಲೆಲ್ಲೂ ಹಾರ್ಪ್ಸಿಕಾರ್ಡಿನ ಗಲಗಲ ಸದ್ದು, ಗಾಂಬಾ ಬಾವಿಯೊಳಗಿಂದ ಕೇಳಿದ ಹಾಗೆ. ಪಕ್ಕವಾದ್ಯ ಮುಖ್ಯ ವಾದ್ಯವನ್ನು ಹೀಗೆ ನುಂಗಬಹುದೇ? ಶ್ರುತಿಯೂ ಇಳಿದಿದೆ ಅನ್ನಿಸಿತು. ತಪ್ಪು ನನ್ನ ಕಿವಿಯದೋ, ಧ್ವನಿಮುದ್ರಣದ್ದೋ? ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ: ಶ್ರುತಿಯ ಮಾತು ಮೊದಲು ಮುಗಿಸಿಬಿಡೋಣ, ಅದು ಸುಲಭ. ನಿಮ್ಮ ಕಿವಿ ಸರಿಯಾಗಿದೆ. ಇವತ್ತಿನ ಪಿಯಾನೋದಲ್ಲಿ ‘ಎ’ ಸ್ವರ ಸೆಕೆಂಡಿಗೆ 440 ಕಂಪನ. ಹಳೆಯ ವಾದ್ಯಗಳನ್ನು ನುಡಿಸುವವರು ಬಾಖ್‌ನ ಕಾಲದ ಸಂಗೀತಕ್ಕೆ ಅದೇ ಸ್ವರವನ್ನು ಸಾಮಾನ್ಯವಾಗಿ 415ಕ್ಕೆ ಇಳಿಸಿಕೊಳ್ಳುತ್ತಾರೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಒಂದು ಮನೆ ಕೆಳಗೆ. ಹದಿನೆಂಟನೆಯ ಶತಮಾನದಲ್ಲಿ ಊರಿಗೊಂದು ಶ್ರುತಿ ಇತ್ತು, ಒಂದೇ ಚರ್ಚಿನಲ್ಲಿ ಆರ್ಗನ್ನಿಗೆ ಒಂದು, ಉಳಿದ ವಾದ್ಯಗಳಿಗೆ ಇನ್ನೊಂದು ಇದ್ದದ್ದೂ ಉಂಟು. 415 ಎನ್ನುವುದು ಈಗಿನವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ.

ಇನ್ನೊಂದು ಅನುಮಾನ: ನೀವು ಕೇಳಿದ್ದು ಫೋನಿನ ಸ್ಪೀಕರಿನಲ್ಲೇ? ಗಾಂಬಾದ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಎಪ್ಪತ್ತರ ಆಸುಪಾಸು. ಅಷ್ಟು ಮಂದ್ರವನ್ನು ಅಂಗೈಯಗಲದ ಸ್ಪೀಕರ್ ಹೊರಡಿಸಲಾರದು. ಹಾರ್ಪ್ಸಿಕಾರ್ಡಿನ ಜೀವವಿರುವುದು ಮೇಲಿನ ಉಪಸ್ವರಗಳಲ್ಲಿ, ಅವನ್ನು ಎಂಥ ಫೋನೂ ಚೆನ್ನಾಗಿಯೇ ಕೇಳಿಸುತ್ತದೆ. ನೀವು ಹೇಳುವ ‘ಬಾವಿ’ಯ ಅರ್ಧ ಆಳ ಅಲ್ಲಿಯೇ ಇರಬಹುದು. ಒಳ್ಳೆಯ ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಕೇಳಿ.

ಉಳಿದ ಅರ್ಧ ಇರುವುದು ‘ಪಕ್ಕವಾದ್ಯ’ ಎಂಬ ಒಂದು ಮಾತಿನಲ್ಲಿ.

ಕಚೇರಿಗೆ ಹೋಗಿ ಕೂತರೆ ನಮ್ಮ ಕಣ್ಣು ತಾನಾಗಿ ನಡುವೆ ಕೂತವರ ಮೇಲೆ ಹೋಗುತ್ತದೆ, ಕಿವಿಯೂ ಅಷ್ಟೇ. ನೀವು ಪಿಟೀಲು ಕಲಿತವರಾದ್ದರಿಂದ ಹಾಡುವವರ ಹಿಂದೆಯೇ ನಡೆಯುವುದು, ಬಿಟ್ಟ ಜಾಗದಲ್ಲಿ ಉತ್ತರ ಕೊಡುವುದು, ತನಿಯಲ್ಲಿ ಸುಮ್ಮನಿರುವುದು ನಿಮ್ಮ ಕೈಗೇ ಗೊತ್ತು. ಅದೇ ನಿರೀಕ್ಷೆ ಇಟ್ಟುಕೊಂಡು ಈ ಸೊನಾಟಾಗಳಿಗೆ ಕಿವಿಗೊಟ್ಟರೆ ಗಾಂಬಾ ‘ಹಾಡುವವರ’ ಜಾಗದಲ್ಲಿ ಕೂತಿದ್ದೂ ಸೋತಂತೆ ಕೇಳುತ್ತದೆ. ಬಾಖ್ ಅದನ್ನು ಆ ಜಾಗದಲ್ಲಿ ಕೂರಿಸಿಯೇ ಇಲ್ಲ. ಇರುವ ಮೂರರಲ್ಲಿ ಜಿ ಮೇಜರ್ ಎಂಬ ಸ್ವರಶ್ರೇಣಿಯ ಸೊನಾಟಾಕ್ಕೆ ಅವನೇ ತನ್ನ ಕೈಯಲ್ಲಿ ಬರೆದ ಪ್ರತಿ ಉಳಿದಿದೆ. ಅದರ ತಲೆಬರಹದಲ್ಲಿ ಮೊದಲು ಬರುವುದು ಹಾರ್ಪ್ಸಿಕಾರ್ಡು, ಆಮೇಲೆ ಗಾಂಬಾ.

ನುಡಿಸುವವರು ಇಬ್ಬರು, ಆದರೆ ಹೆಣೆದಿರುವುದು ಮೂರು ದನಿ. ಗಾಂಬಾ ಒಂದು, ಹಾರ್ಪ್ಸಿಕಾರ್ಡಿನ ಬಲಗೈ ಇನ್ನೊಂದು, ಎಡಗೈ ಮೂರನೆಯದು. ಗಾಂಬಾ ಒಂದು ಸಾಲು ಹೇಳುತ್ತದೆ, ಎರಡು ಮೂರು ಆವರ್ತ ಕಳೆಯುವುದರೊಳಗೆ ಬಲಗೈ ಅದೇ ಸಾಲನ್ನು ಬೇರೆ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತದೆ. ಆಗ ಗಾಂಬಾ ಸುಮ್ಮನೆ ಕೂರುವುದಿಲ್ಲ, ಹೊಸದೊಂದು ಎಳೆಯನ್ನು ಅದರ ಕೆಳಗೆ ನೂಲುತ್ತದೆ. ಎಡಗೈ ಆಧಾರ ಹಿಡಿದಿರುತ್ತದೆಯಾದರೂ ಫ್ಯೂಗ್ ಭಾಗಗಳಲ್ಲಿ (ಒಂದೇ ಸಾಲನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವಲ್ಲಿ) ಅದಕ್ಕೂ ಪಲ್ಲವಿಯ ಪಾಲು ಸಿಗುತ್ತದೆ. ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ 1774ರ ಒಂದು ಪತ್ರದಲ್ಲಿ ಅಪ್ಪ ಪಿಟೀಲು ಮತ್ತು ಹಾರ್ಪ್ಸಿಕಾರ್ಡಿಗೆ ಇದೇ ಮಾದರಿಯಲ್ಲಿ ಬರೆದ ಆರು ಕೃತಿಗಳನ್ನು ‘ಕ್ಲಾವಿಯರ್ ಟ್ರಿಯೊ’ ಎಂದೇ ಕರೆಯುತ್ತಾನೆ. ಕ್ಲಾವಿಯರ್ ಅಂದರೆ ಮನೆಗಳಿರುವ ವಾದ್ಯ. ಟ್ರಿಯೊ, ಅಂದರೆ ಮೂವರದ್ದು. ಮನೆಯವರಿಗೆ ಅದರಲ್ಲಿ ಗೊಂದಲವೇ ಇರಲಿಲ್ಲ.

ಈ ಹೆಣಿಗೆ ಹೇಗೆ ಬಂತು ಎನ್ನುವುದಕ್ಕೆ ಜಿ ಮೇಜರ್ ಸೊನಾಟಾದಲ್ಲೇ ಸಾಕ್ಷಿ ಇದೆ. ಬಾಖ್‌ನ ಕೃತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ 1027. ಅದೇ ಪಟ್ಟಿಯ 1039ನ್ನು ಹುಡುಕಿ ನೋಡಿ: ಸಂಗೀತ ಅದೇ, ಆದರೆ ಎರಡು ಕೊಳಲು ಮತ್ತು ಆಧಾರ ಮಂದ್ರಕ್ಕೆ ಬರೆದದ್ದು. ಆ ಕಾಲದಲ್ಲಿ ಬಹಳ ಜನಪ್ರಿಯವಾಗಿದ್ದ ಟ್ರಿಯೊ ಸೊನಾಟಾ ಎಂದರೆ ಇದೇ. ಹೆಸರು ಮೂರರದ್ದು, ನುಡಿಸಲು ಬೇಕಾದದ್ದು ನಾಲ್ಕು ಜನ: ಮೇಲಿನ ಎರಡು ದನಿಗೆ ಇಬ್ಬರು, ಮಂದ್ರಕ್ಕೆ ಚೆಲ್ಲೋ ಅಥವಾ ಗಾಂಬಾದವರೊಬ್ಬರು, ಅದರ ಮೇಲೆ ಸ್ವರಗುಚ್ಛ ತುಂಬಲು ಹಾರ್ಪ್ಸಿಕಾರ್ಡಿನವರು. ಗಾಂಬಾ ರೂಪದಲ್ಲಿ ಒಂದು ಕೊಳಲಿನ ಸಾಲು ಹಾರ್ಪ್ಸಿಕಾರ್ಡಿನ ಬಲಗೈಗೆ ಹೋಗಿದೆ, ಇನ್ನೊಂದು ಒಂದು ಸ್ಥಾಯಿ ಇಳಿದು ಗಾಂಬಾಕ್ಕೆ, ಮಂದ್ರ ಎಡಗೈಗೆ. ನಾಲ್ವರ ಕೆಲಸ ಇಬ್ಬರಿಗೆ ಇಳಿಯಿತು. ಕೊಳಲಿನ ರೂಪದಲ್ಲಿ ಒಂದೇ ಎತ್ತರದಲ್ಲಿ ಭುಜಕ್ಕೆ ಭುಜ ತಾಗಿಸಿ ನಡೆಯುತ್ತಿದ್ದ ಎರಡು ದನಿಗಳು ಇಲ್ಲಿ ಮೇಲೆ ಕೆಳಗೆ ದೂರ ನಿಂತು ಮಾತಾಡುತ್ತವೆ. ನಿಮಗೆ ಗಾಂಬಾ ‘ಕೆಳಗೆ’ ಕೇಳಿಸಿದ್ದು ಸುಳ್ಳಲ್ಲ, ಅದು ಇರುವುದೇ ಅಲ್ಲಿ, ಬಲಗೈಗೂ ಎಡಗೈಗೂ ನಡುವೆ.

ಆದ್ದರಿಂದ ನನ್ನ ಸಲಹೆ ಸ್ವಲ್ಪ ತಲೆಕೆಳಗಾದದ್ದು. ಮೊದಲ ಸಲ ಕೇಳುವಾಗ ಗಾಂಬಾವನ್ನು ಬಿಟ್ಟುಬಿಡಿ. ಬಲಗೈಯನ್ನು ಮಾತ್ರ ಹಿಂಬಾಲಿಸಿ. ಎರಡನೆಯ ಸಲ ಎಡಗೈ. ಗಾಂಬಾವನ್ನು ಹುಡುಕುವುದು ಮೂರನೆಯ ಸಲ. ಆಗ ಅದು ಮುಳುಗಿರುವುದಿಲ್ಲ.

ಇನ್ನು ವಾದ್ಯಗಳ ವಿಷಯ. ನಾನು ಚೆಲ್ಲೋ ಕಲಿತು, ನಡುವಯಸ್ಸಿನಲ್ಲಿ ಗಾಂಬಾ ಹಿಡಿದವನು. ಎರಡೂ ಕಾಲುಗಳ ನಡುವೆ ನಿಲ್ಲುತ್ತವೆ, ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ, ಹಾಗಾಗಿ ಗಾಂಬಾವನ್ನು ‘ಚೆಲ್ಲೋದ ಅಜ್ಜಿ’ ಎನ್ನುವವರಿದ್ದಾರೆ. ಅದು ತಪ್ಪು. ಎರಡು ಬೇರೆ ಬೇರೆ ವಂಶ. ಚೆಲ್ಲೋ ಪಿಟೀಲಿನ ಮನೆತನದ್ದು. ಗಾಂಬಾ ಹದಿನೈದನೆಯ ಶತಮಾನದ ಕೊನೆಗೆ ಸ್ಪೇನಿನಲ್ಲಿ ಮೀಟುವ ವಾದ್ಯಕ್ಕೆ ಕಮಾನು ಹಿಡಿದಾಗ ಹುಟ್ಟಿ, ಇಟಲಿಗೆ ಹೋಗಿ ಬೆಳೆದದ್ದು. ‘ಗಾಂಬಾ’ ಎಂದರೆ ಇಟಾಲಿಯನ್ನಿನಲ್ಲಿ ಕಾಲು. ಚೆಲ್ಲೋಗೆ ನೆಲಕ್ಕೂರುವ ಮೊಳೆ ಇರುತ್ತದೆ, ಗಾಂಬಾಕ್ಕೆ ಅದಿಲ್ಲ. ಮೀನಖಂಡಗಳ ನಡುವೆ ಹಿಡಿದುಕೊಂಡೇ ಕೂರಬೇಕು.

ಗಾಂಬಾಕ್ಕೆ ಆರು ತಂತಿ, ಫ್ರಾನ್ಸಿನಲ್ಲಿ ಏಳು. ನಿಮ್ಮ ಪಿಟೀಲಿನಲ್ಲಿ ಸ–ಪ ಅಂತರ ಇರುವ ಕಡೆ ಇಲ್ಲಿ ಸ–ಮ ಅಂತರ, ನಟ್ಟನಡುವಿನ ಜೋಡಿಗೆ ಮಾತ್ರ ಸ–ಗ. ಕುತ್ತಿಗೆಗೆ ಕರುಳಿನ ದಾರವನ್ನೇ ಸುತ್ತಿ ಕಟ್ಟಿದ ಏಳು ಮೆಟ್ಟಿಲುಗಳಿರುತ್ತವೆ. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ಜರುಗಿಸಲು ಆಗದು. ಇದನ್ನು ಬೆರಳಲ್ಲಿ ಕೂದಲೆಳೆಯಷ್ಟು ಆಚೀಚೆ ಸರಿಸಿ ಹಾರ್ಪ್ಸಿಕಾರ್ಡಿನ ಶ್ರುತಿಗೆ ಹೊಂದಿಸಿಕೊಳ್ಳಬಹುದು, ಹೊಂದಿಸಲೇಬೇಕು. ಮೆಟ್ಟಿಲಿಗೂ ಕಮಾನಿಗೂ ಎಂಥ ಜೋಡಿ ಎನ್ನಬೇಡಿ, ದಿಲ್‌ರುಬಾ ನೋಡಿದ್ದರೆ ಆಶ್ಚರ್ಯವಾಗದು. ಮೆಟ್ಟಿಲಿನಿಂದ ದನಿಗೆ ಆಗುವ ಲಾಭ ದೊಡ್ಡದು: ತಂತಿ ನಿಲ್ಲುವುದು ಬೆರಳಿನ ಮೆತ್ತನೆ ಮಾಂಸದ ಮೇಲಲ್ಲ, ಗಟ್ಟಿ ದಾರದ ಮೇಲೆ. ಹಾಗಾಗಿ ಒತ್ತಿದ ಸ್ವರವೂ ಬಿಟ್ಟ ತಂತಿಯಂತೆ ಅನುರಣಿಸುತ್ತದೆ. ಕಮಾನು ಎತ್ತಿದ ಮೇಲೂ ಗಂಟೆ ಹೊಡೆದು ಬಿಟ್ಟಂತೆ ಒಂದು ಕ್ಷಣ ದನಿ ತೇಲುತ್ತದೆ. ತೆಳು ಮರ, ಕಡಿಮೆ ಬಿಗಿತ, ಕರುಳಿನ ತಂತಿ: ದನಿ ಸಣ್ಣದು, ಆದರೆ ಅದರಲ್ಲಿ ಕರುಳಿನ ಒಂದಿಷ್ಟು ಒರಟಿದೆ. ಕಮಾನನ್ನು ಅಂಗೈ ಮೇಲೆ ಮಾಡಿ ಹಿಡಿಯಬೇಕು, ಸಾರಂಗಿಯವರು ಹಿಡಿದ ಹಾಗೆ. ಕಮಾನಿನ ಕೂದಲನ್ನು ಬೆರಳೇ ಮುಟ್ಟಿ ಒತ್ತುವುದರಿಂದ ಸ್ವರದ ನಡುವೆಯೇ ಬಿಗಿಯನ್ನು ಹೆಚ್ಚು ಕಡಿಮೆ ಮಾಡಬಹುದು. ಇಲ್ಲೊಂದು ತಿರುವುಮುರುವು ಇದೆ. ಪಿಟೀಲು, ಚೆಲ್ಲೋಗಳಲ್ಲಿ ಬಲವಾದ ಪೆಟ್ಟು ಎಳೆಯುವ ಕಮಾನಿನದು. ಗಾಂಬಾದಲ್ಲಿ ಬಲ ಇರುವುದು ಒಳಗೆ ತಳ್ಳುವ ಕಮಾನಿಗೆ. ನನ್ನ ಬಲಗೈಗೆ ಇದನ್ನು ಒಪ್ಪಿಸಲು ಒಂದು ಇಡೀ ಮಳೆಗಾಲ ಹಿಡಿಯಿತು.

ಹಾರ್ಪ್ಸಿಕಾರ್ಡು ಪಿಯಾನೋದ ಹಳೆಯ ರೂಪ ಎನ್ನುವುದೂ ಇಂಥದೇ ಅರ್ಧಸತ್ಯ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಇಲ್ಲಿ ಮನೆ ಒತ್ತಿದರೆ ಮರದ ಸಣ್ಣ ಪಟ್ಟಿಯೊಂದು ಮೇಲೇಳುತ್ತದೆ, ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ಕಡ್ಡಿ ತಂತಿಯನ್ನು ಮೀಟಿ ದಾಟುತ್ತದೆ. ಈಗ ಹೆಚ್ಚಿನವರು ಗರಿಯ ಬದಲು ಪ್ಲಾಸ್ಟಿಕ್ ಹಾಕುತ್ತಾರೆ. ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಮೀಟು ಹೆಚ್ಚುಕಡಿಮೆ ಒಂದೇ. ಹಾಗಾದರೆ ಭಾವ ಎಲ್ಲಿಂದ? ಕಾಲದಿಂದ. ಒಂದು ಸ್ವರ ಮುಖ್ಯ ಅನ್ನಿಸಬೇಕಾದರೆ ವಾದಕರು ಅದರ ಹಿಂದಿನದನ್ನು ಸ್ವಲ್ಪ ಬೇಗ ಬಿಡುತ್ತಾರೆ, ಇಲ್ಲವೇ ಮುಖ್ಯ ಸ್ವರವನ್ನೇ ಒಂದೆಳೆ ತಡಮಾಡುತ್ತಾರೆ. ಸ್ವರಗುಚ್ಛವನ್ನು ಒಟ್ಟಿಗೆ ಒತ್ತದೆ ಕೆಳಗಿಂದ ಮೇಲಕ್ಕೆ ಬಿಡಿಸಿ ಮೀಟುತ್ತಾರೆ. ಉದ್ದ ಸ್ವರ ಬೇಗ ಸಾಯುವುದರಿಂದ ಅದಕ್ಕೆ ಕಂಪಿತದಂಥ ಅಲಂಕಾರ ಹಾಕಿ ಬದುಕಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಗಾಂಬಾ ಒಂದೇ ಸ್ವರವನ್ನು ಊದಿದಂತೆ ಬೆಳೆಸಿ ಇಳಿಸುತ್ತಿರುತ್ತದೆ. ಒಂದಕ್ಕೆ ಉಸಿರಿದೆ, ಇನ್ನೊಂದಕ್ಕೆ ಇಲ್ಲ. ಒಂದೇ ಸಾಲನ್ನು ಈ ಎರಡು ಬಾಯಲ್ಲಿ ಕೇಳಿದಾಗಲೇ ಈ ಸಂಗೀತದ ರುಚಿ. ಚೆಲ್ಲೋ–ಪಿಯಾನೋದಲ್ಲಿ ಈ ವೈದೃಶ್ಯ ತೆಳುವಾಗುತ್ತದೆ, ಏಕೆಂದರೆ ಅಲ್ಲಿ ಇಬ್ಬರಿಗೂ ಏರಿಳಿತ ಬರುತ್ತದೆ. ಆಗ ಪಿಯಾನೋದವರು ಸೌಜನ್ಯಕ್ಕೆ ಹಿಂದೆ ಸರಿಯುತ್ತಾರೆ, ಚೆಲ್ಲೋ ಮುಂದೆ ಬರುತ್ತದೆ, ಮೂರು ದನಿಯ ಸಂಗೀತ ಒಂದೂವರೆ ದನಿಯದಾಗುತ್ತದೆ. ನೀವು ಮನಸೋತದ್ದು ಅದಕ್ಕೆ ಅಂತ ನನ್ನ ಊಹೆ. ಅದೂ ಚೆನ್ನವೇ, ಬೇರೆ ಮಾತು.

ಧ್ವನಿಮುದ್ರಣದ್ದೂ ತಪ್ಪಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಎರಡು ಸಾಲು ಮನೆಗಳಿರುವ ದೊಡ್ಡ ಹಾರ್ಪ್ಸಿಕಾರ್ಡಿನ ಮುಚ್ಚಳ ಪೂರ್ತಿ ತೆರೆದು, ಎಲ್ಲ ತಂತಿಸಾಲುಗಳನ್ನೂ ಒಟ್ಟಿಗೆ ಎಳೆದು, ಮೈಕನ್ನು ಅದರ ಹೊಟ್ಟೆಗೇ ಹಿಡಿದರೆ ಯಾವ ಗಾಂಬಾವೂ ಉಳಿಯದು. ವಿವೇಕಿಗಳು ಒಂದೇ ತಂತಿಸಾಲಿನಲ್ಲಿ ನುಡಿಸುತ್ತಾರೆ. ಒಮ್ಮೆ ದೊಡ್ಡ ಸಭಾಂಗಣವೊಂದರ ಹಿಂದಿನ ಸಾಲಿನಲ್ಲಿ ಕೂತು ಈ ಸೊನಾಟಾ ಕೇಳಿದೆ, ಕಮಾನು ಆಡುವುದು ಕಂಡಿತೇ ಹೊರತು ದನಿ ಬರಲಿಲ್ಲ. ಮತ್ತೊಮ್ಮೆ ಒಂದು ಮನೆಯ ನಡುಮನೆಯಲ್ಲಿ, ಎಂಟು ಹತ್ತು ಜನರ ನಡುವೆ ಕೇಳಿದೆ. ಅಲ್ಲಿ ಗಾಂಬಾ ಕೋಣೆ ತುಂಬಿತ್ತು. ಈ ಸಂಗೀತ ಇಂಥ ಕೋಣೆಗಳ ಅಳತೆಗೆ ಬರೆದದ್ದು.

ಆದರೆ ‘ಪಕ್ಕವಾದ್ಯ’ ಎಂದು ನೀವು ಬಳಸಿದ ಮಾತು ಎಲ್ಲ ಕಡೆಯೂ ತಪ್ಪಲ್ಲ. ಫ್ರಾನ್ಸಿಗೆ ಹೋಗಿ. ಮಾರೆಂ ಮಾರೆ (1656–1728) ಗಾಂಬಾಕ್ಕೆ 1686ರಿಂದ 1725ರವರೆಗೆ ಐದು ಸಂಪುಟ ಅಚ್ಚು ಹಾಕಿಸಿದ, ಹೆಚ್ಚುಕಡಿಮೆ 600 ರಚನೆ. ಅಲ್ಲಿ ಹಾರ್ಪ್ಸಿಕಾರ್ಡಿನವರ ಮುಂದಿರುವುದು ಮಂದ್ರದ ಒಂದು ಸಾಲು, ಅದರ ಮೇಲೆ ಅಂಕಿಗಳು. ಯಾವ ಸ್ವರಗುಚ್ಛ ಎಂದು ಅಂಕಿ ಹೇಳುತ್ತದೆ, ಹೇಗೆ ನುಡಿಸಬೇಕು ಎನ್ನುವುದು ವಾದಕರ ಮನೋಧರ್ಮಕ್ಕೆ ಬಿಟ್ಟದ್ದು. ನಮ್ಮ ಪಕ್ಕವಾದ್ಯದವರಿಗೆ ಇದು ಕೂಡಲೇ ಅರ್ಥವಾಗುವ ಕೆಲಸ. ಮಾರೆಯ ಐದನೆಯ ಸಂಪುಟದಲ್ಲಿ ಮೂತ್ರಕೋಶದ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಚಿತ್ರಿಸುವ ರಚನೆಯೊಂದಿದೆ. ಅರಿವಳಿಕೆ ಇಲ್ಲದ ಕಾಲ. ರೋಗಿ ಚಿಕಿತ್ಸೆಯ ಹಲಗೆ ಕಂಡು ನಡುಗುವುದರಿಂದ ಹಿಡಿದು ಎಲ್ಲ ಮುಗಿದು ಹಾಸಿಗೆಗೆ ಸೇರುವವರೆಗೆ ಪ್ರತಿ ಹಂತವನ್ನೂ ಸ್ವರದ ಜೊತೆ ಮಾತಿನಲ್ಲೂ ಅಚ್ಚು ಮಾಡಿಸಿದ್ದಾನೆ. ವಿಚಿತ್ರಕ್ಕಾಗಿ ಒಮ್ಮೆ ಕೇಳಿ. ಅವನ ದೊಡ್ಡತನ ಅದರಲ್ಲಿಲ್ಲ. ಎರಡನೆಯ ಸಂಪುಟದ (1701) ‘ಫೋಲಿಯಾ’ ಎಂಬ ಹಳೆಯ ಧಾಟಿಯ ಮೇಲಿನ ಸಾಲುಸಾಲು ವಿಸ್ತಾರಗಳಲ್ಲಿದೆ.

ಅವನ ಎದುರಾಳಿ ಆಂಟ್ವಾನ್ ಫೋರ್ಕರೆ. ಮಾರೆ ದೇವದೂತನಂತೆ ನುಡಿಸಿದರೆ ಫೋರ್ಕರೆ ದೆವ್ವದಂತೆ ನುಡಿಸುತ್ತಿದ್ದ ಎನ್ನುವ ಮಾತು ಆ ಕಾಲದ್ದೇ. ಫೋರ್ಕರೆ 1745ರಲ್ಲಿ ತೀರಿಕೊಂಡ ಮೇಲೆ ಮಗ 1747ರಲ್ಲಿ ಅಪ್ಪನ ಗಾಂಬಾ ರಚನೆಗಳನ್ನು ಪ್ರಕಟಿಸಿದ, ಜೊತೆಗೇ ಅವನ್ನೇ ಬರಿಯ ಹಾರ್ಪ್ಸಿಕಾರ್ಡಿಗೆ ಹೊಂದಿಸಿಯೂ ತಂದ. ಹಾರ್ಪ್ಸಿಕಾರ್ಡಿನವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಪಕ್ಕವಾದ್ಯ ಮುಖ್ಯ ವಾದ್ಯವನ್ನು ನುಂಗಿತು ಎಂದು ನಿಜವಾಗಿ ಹೇಳಬಹುದಾದದ್ದು ಇಲ್ಲಿ!

ಮತ್ತೆ ಬಾಖ್‌ಗೆ ಬರೋಣ. ಈ ಸೊನಾಟಾಗಳು ಜರ್ಮನಿಯ ಕ್ಯೋಥೆನ್ ಅರಮನೆಯಲ್ಲಿ ಹುಟ್ಟಿದವು ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ನಂಬಲು ಕಾರಣಗಳೂ ಇದ್ದವು. ಬಾಖ್ 1717ರಿಂದ 1723ರವರೆಗೆ ಅಲ್ಲಿದ್ದ, ಅಲ್ಲಿನ ದೊರೆ ಲಿಯೋಪೋಲ್ಡ್ ತಾನೇ ಗಾಂಬಾ ನುಡಿಸುತ್ತಿದ್ದ, ಆಸ್ಥಾನದಲ್ಲಿ ಕ್ರಿಸ್ಟಿಯಾನ್ ಫರ್ಡಿನಾಂಡ್ ಆಬೆಲ್ ಎಂಬ ಗಾಂಬಾ ವಾದಕನಿದ್ದ. ಈಗ ಕಾಗದ, ಕೈಬರಹಗಳನ್ನು ಪರೀಕ್ಷಿಸಿದವರು ಜಿ ಮೇಜರ್ ಸೊನಾಟಾದ ಪ್ರತಿಯನ್ನು 1740ರ ಆಸುಪಾಸಿಗೆ, ಅಂದರೆ ಬಾಖ್ ಲೈಪ್‌ಜಿಗ್ ನಗರದಲ್ಲಿದ್ದ ಕಾಲಕ್ಕೆ ತರುತ್ತಾರೆ. ಉಳಿದೆರಡು, ಡಿ ಮೇಜರ್ (1028) ಮತ್ತು ಜಿ ಮೈನರ್ (1029), ಬಾಖ್‌ನ ಕೈಬರಹದಲ್ಲಿ ಸಿಕ್ಕಿಲ್ಲ, ಬೇರೆಯವರು ಮಾಡಿಕೊಂಡ ನಕಲುಗಳಿಂದ ನಮಗೆ ಬಂದಿವೆ. ಅಂದಹಾಗೆ ‘ಮೂರು ಸೊನಾಟಾ’ ಎಂಬ ಕಟ್ಟು ನಾವು ಕಟ್ಟಿದ್ದು. ಒಂದೇ ತಟ್ಟೆಯಲ್ಲಿ ಬಡಿಸಿದ ಮಾತ್ರಕ್ಕೆ ಒಂದೇ ಒಲೆಯಲ್ಲಿ ಬೆಂದವು ಎಂದುಕೊಳ್ಳಬೇಕಿಲ್ಲ.

1740 ಎಂದರೆ ಗಾಂಬಾಕ್ಕೆ ಸಂಜೆಯ ಹೊತ್ತು. ದೊಡ್ಡ ಸಭೆಗಳಿಗೆ ಪಿಟೀಲು, ಚೆಲ್ಲೋಗಳ ಗಟ್ಟಿ ದನಿ ಬೇಕಾಗಿತ್ತು. ಬಾಖ್ ಮಾತ್ರ ಸಾವು, ತ್ಯಾಗದ ಮಾತು ಬಂದಾಗ ಗಾಂಬಾವನ್ನೇ ಕರೆಯುತ್ತಿದ್ದ. ಸಂತ ಜಾನ್ ಮತ್ತು ಸಂತ ಮ್ಯಾಥ್ಯೂ ಪ್ಯಾಶನ್‌ಗಳಲ್ಲಿ (ಏಸುವಿನ ಯಾತನೆ, ಸಾವಿನ ಕಥೆ ಹೇಳುವ ಗಾನಕೃತಿಗಳು) ಶಿಲುಬೆಯ ಘಟ್ಟದಲ್ಲಿ ಹಾಡಿನ ಪಕ್ಕ ನಿಲ್ಲುವುದು ಅದೇ. ಮುಂದೆ ಬೆರ್ಲಿನ್ನಿನ ಆಸ್ಥಾನದಲ್ಲಿ ಮಗ ಎಮಾನುಯೆಲ್ ಕೂಡ ಗಾಂಬಾಕ್ಕೆ ಮೂರು ಸೊನಾಟಾ ಬರೆದ. 1759ರ ಜಿ ಮೈನರ್ ಸೊನಾಟಾ ಅಪ್ಪನ ಮೂರು ದನಿಯ ಮಾದರಿಯದೇ. ಕ್ಯೋಥೆನ್ನಿನ ಆ ಆಬೆಲ್‌ನ ಮಗ ಕಾರ್ಲ್ ಫ್ರೀಡ್ರಿಶ್ ಲಂಡನ್ನಿಗೆ ಹೋಗಿ ಬಾಖ್‌ನ ಕಿರಿಯ ಮಗ ಯೋಹಾನ್ ಕ್ರಿಸ್ಟಿಯಾನ್ ಜೊತೆ 1765ರಿಂದ ವರ್ಷವರ್ಷವೂ ಕಛೇರಿ ಏರ್ಪಡಿಸಿದ. 1787ರಲ್ಲಿ ಅವನು ಸತ್ತಾಗ ಯುರೋಪಿನಲ್ಲಿ ಗಾಂಬಾವನ್ನೇ ನಂಬಿ ಹೆಸರು ಮಾಡಿದವರ ಸಾಲು ಮುಗಿದಂತಾಯಿತು. ಮತ್ತೆ ಜನ ಈ ವಾದ್ಯದ ಧೂಳು ಕೊಡವಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ.

ಕೇಳುವ ಕ್ರಮ. ಜಿ ಮೇಜರ್ ಸೊನಾಟಾದ ಮೂರನೆಯ ಭಾಗದಿಂದ ಶುರು ಮಾಡಿ, ಮೊದಲನೆಯದರಿಂದ ಬೇಡ. ಅದು ಇ ಮೈನರಿನಲ್ಲಿರುವ ಚಿಕ್ಕ ಆಂದಾಂತೆ, ಅಂದರೆ ನಡಿಗೆಯ ಗತಿಯ ಭಾಗ. ಅಲ್ಲಿ ‘ರಾಗ’ ಎಂದು ಹಿಡಿಯುವಂಥ ಸಾಲೇ ಇಲ್ಲ, ಬಿಡಿಸಿದ ಸ್ವರಗುಚ್ಛಗಳನ್ನು ಗಾಂಬಾ ಮತ್ತು ಬಲಗೈ ಪರಸ್ಪರ ದಾಟಿಸುತ್ತ ಹೋಗುತ್ತವೆ. ಯಾರು ಮುಖ್ಯ ಎಂಬ ಪ್ರಶ್ನೆ ಅಲ್ಲಿ ತಾನಾಗಿ ಬಿದ್ದುಹೋಗುತ್ತದೆ. ಆಮೇಲೆ ಜಿ ಮೈನರಿನ ನಡುವಿನ ಅದಾಜಿಯೊ, ಅಂದರೆ ನಿಧಾನದ ಭಾಗ. ನನಗೆ ಮೂರೂ ಕೃತಿಗಳಲ್ಲಿ ಇದಕ್ಕಿಂತ ಮಿಗಿಲು ಯಾವುದೂ ಇಲ್ಲ. ಅದರ ನಂತರ ಅದೇ ಸೊನಾಟಾದ ಮೊದಲ ಭಾಗ: ಬಾಖ್‌ನದೇ ವಾದ್ಯವೃಂದದ ಕೃತಿ, ಬ್ರಾಂಡೆನ್‌ಬುರ್ಗ್ ಮೂರನೆಯ ಕಾನ್ಸರ್ಟೊ, ನಿಮಗೆ ಗೊತ್ತಿದ್ದರೆ ಎತ್ತುಗಡೆಯಲ್ಲೇ ಮುಖ ಅರಳುತ್ತದೆ, ಅಷ್ಟು ಹತ್ತಿರದ ಹೋಲಿಕೆ. ಡಿ ಮೇಜರನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಬಿ ಮೈನರ್ ಆಂದಾಂತೆ ತೊಟ್ಟಿಲು ತೂಗಿದಂತಿದೆ, ಉಳಿದ ಭಾಗಗಳು ನನ್ನನ್ನು ಅಷ್ಟಾಗಿ ಹಿಡಿದಿಲ್ಲ.

ಗಾಂಬಾ–ಹಾರ್ಪ್ಸಿಕಾರ್ಡಿಗೆ ವೀಲಾಂಡ್ ಕೌಕೆನ್ ಮತ್ತು ಗುಸ್ತಾಫ್ ಲಿಯೋನ್‌ಹಾರ್ಟ್ ಜೋಡಿ: ಶುಷ್ಕ ಎನಿಸಬಹುದು, ಆದರೆ ಮೂರೂ ಎಳೆ ನಿಚ್ಚಳ. ಜೋರ್ಡಿ ಸವಾಲ್ ಮತ್ತು ಟಾನ್ ಕೂಪ್‌ಮನ್ ಹೆಚ್ಚು ಬಿಸಿ, ಹೆಚ್ಚು ಅಲಂಕಾರ. ಚೆಲ್ಲೋ–ಪಿಯಾನೋದವರಲ್ಲಿ ಲಿಯೊನಾರ್ಡ್ ರೋಸ್ ಮತ್ತು ಗ್ಲೆನ್ ಗೂಲ್ಡ್ ಅವರನ್ನು ಬಿಡಬೇಡಿ. ಗೂಲ್ಡ್ ಪಿಯಾನೋವನ್ನು ಹಿಂದೆ ಸರಿಸುವುದಿಲ್ಲ, ಬಿಡಿಬಿಡಿಯಾಗಿ ಕುಟ್ಟುತ್ತ ಸಮಸಮ ನಿಲ್ಲುತ್ತಾನೆ. ವಾದ್ಯ ಬೇರೆಯಾದರೂ ಮಾತು ಬಾಖ್‌ನದೇ ಉಳಿದಿದೆ. ಹಳೆಯ ಕೆಲವು ಗಾಂಬಾ ಧ್ವನಿಮುದ್ರಣಗಳಿಗಿಂತ ಅದೇ ಮೂಲಕ್ಕೆ ಹತ್ತಿರ ಎಂದರೆ ನನ್ನ ಗೆಳೆಯರು ಜಗಳಕ್ಕೆ ಬರುತ್ತಾರೆ.

ನಿಮ್ಮ ಕೈಯಲ್ಲಿ ಪಿಟೀಲು ಇರುವುದರಿಂದ ಕೊನೆಗೊಂದು ಮಾತು. ಕೊಳಲಿನ ರೂಪ, ಅಂದರೆ 1039, ಪಿಟೀಲಿನ ಸ್ಥಾಯಿಗೆ ಸರಿಯಾಗಿ ಕೂರುತ್ತದೆ. ಪಾಶ್ಚಾತ್ಯ ಸ್ವರಲಿಪಿ ಓದಲು ಬಂದರೆ ಆ ಪುಟಗಳು ಅಂತರ್ಜಾಲದಲ್ಲಿ ಹಣವಿಲ್ಲದೆ ಸಿಗುತ್ತವೆ. ತಂತಿಗಳನ್ನು ಪಾಶ್ಚಾತ್ಯ ಕ್ರಮಕ್ಕೆ, 415ರ ಶ್ರುತಿಗೆ ಇಳಿಸಿಕೊಂಡು ಎರಡನೆಯ ಕೊಳಲಿನ ಸಾಲನ್ನು ಧ್ವನಿಮುದ್ರಣದ ಜೊತೆಗೇ ನುಡಿಸಿ ನೋಡಿ. ಮೂರನೆಯ ಭಾಗವೊಂದೇ ಸಾಕು. ಗಮಕ ಹಾಕಬೇಡಿ.